ಸಿದ್ಧ, ಸಾಧ್ಯ ಮತ್ತು ಕೊಳವೆ: ಶೇಲ್ ಅನಿಲದ ಕಾಲದಲ್ಲಿ ಹೊಸೂರು–ಕೃಷ್ಣಗಿರಿ ಸೀಮೆಯ ನೆಲ

(ಕನ್ನಡ ಸ್ನಾತಕೋತ್ತರ ವಿದ್ಯಾರ್ಥಿಗಳ ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಮಂಡಿಸಿದ ಪ್ರಬಂಧದ ಲಿಖಿತ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಳ್ಳಲಾಗಿದೆ. ಕೊನೆಯಲ್ಲಿ ಪ್ರಶ್ನೋತ್ತರದ ಆಯ್ದ ಭಾಗವಿದೆ.)

ಧ್ವನಿ ಎಲ್ಲರಿಗೂ ಕೇಳಿಸ್ತಿದೆ ಅಂದುಕೊಂಡು ಶುರು ಮಾಡ್ತೇನೆ.

ಕನ್ನಡ ಎಂ.ಎ. ವಿದ್ಯಾರ್ಥಿಗೂ ಶೇಲ್ ಅನಿಲಕ್ಕೂ ಏನು ಸಂಬಂಧ ಅಂತ ವಿಷಯ ಕೊಟ್ಟಾಗಲೇ ಇಬ್ಬರು ಮೂವರು ಕೇಳಿದರು. ನಾನು ಡೆಂಕಣಿಕೋಟೆ ಕಡೆಯವನು. ಕನ್ನಡ, ತೆಲುಗು, ತಮಿಳು ಮೂರೂ ಒಂದೇ ಬೀದಿಯಲ್ಲಿ ಕೇಳಿಬರುವ ಗಡಿ ಸೀಮೆ ಅದು. ಮೊದಲು ಸೇಲಂ ಜಿಲ್ಲೆ, 1965ರಿಂದ ಧರ್ಮಪುರಿ ಜಿಲ್ಲೆ, 2004ರಿಂದ ಕೃಷ್ಣಗಿರಿ ಜಿಲ್ಲೆ. ಈ ಸೀಮೆಯ ಹತ್ತಿರದ ಚರಿತ್ರೆ ಬರೆಯಲು ಹೊರಟರೆ ಅನಿಲದ ಪೈಪ್‌ಲೈನನ್ನು ಬಿಟ್ಟು ಬರೆಯೋಕೆ ಆಗಲ್ಲ. ಆ ಪೈಪ್‌ಲೈನಿನ ಹಿಂದೆ ಹೋದರೆ ಅಮೆರಿಕದ ಶೇಲ್ ಬಾವಿಯವರೆಗೂ ದಾರಿ ಇದೆ. ಈ ಪ್ರಬಂಧದಲ್ಲಿ ನಾನು ಹೇಳಲು ಹೊರಟಿರುವುದು ಒಂದೇ ಮಾತು: ಶೇಲ್ ಅನಿಲದ ಚರಿತ್ರೆಯನ್ನು ಸಾಮಾನ್ಯವಾಗಿ ಬಾವಿಯ ಬಾಯಿಂದ ಹೇಳ್ತಾರೆ. ನಮ್ಮ ಸೀಮೆಗೆ ಅದನ್ನು ನೆಲದ ಹಕ್ಕಿನಿಂದ ಹೇಳಬೇಕು. ಹಾಗೆ ಹೇಳೋಕೆ ಬೇಕಾದ ಪದಗಳು ನಮ್ಮ ಶಾಸನಗಳಲ್ಲೇ ಇವೆ.

1. ಕಲ್ಲಿನೊಳಗಿನ ಅನಿಲ

ಮೊದಲು ಶೇಲ್ ಅಂದರೇನು ಅಂತ ಚಿಕ್ಕದಾಗಿ ಹೇಳಿಬಿಡ್ತೇನೆ. ಜೇಡಿಮಣ್ಣು ಕೋಟ್ಯಂತರ ವರ್ಷ ಪದರಪದರವಾಗಿ ಕೂತು, ಒತ್ತಡಕ್ಕೆ ಗಟ್ಟಿಯಾಗಿ ಕಲ್ಲಾದದ್ದು ಶೇಲ್. ಅದರ ಸೂಕ್ಷ್ಮ ರಂಧ್ರಗಳಲ್ಲಿ ಅನಿಲ ಸಿಕ್ಕಿಕೊಂಡಿರುತ್ತೆ. ಮಾಮೂಲಿ ಬಾವಿ ಕೊರೆದರೆ ಹೊರಗೆ ಬರಲ್ಲ. ಭೂಮಿಯೊಳಗೆ ನೇರ ಇಳಿದು, ಆಮೇಲೆ ಅಡ್ಡಕ್ಕೆ ತಿರುಗಿ ಕೊರೆಯಬೇಕು. ನೀರು, ಮರಳು, ರಾಸಾಯನಿಕಗಳನ್ನು ಭಾರಿ ಒತ್ತಡದಲ್ಲಿ ನುಗ್ಗಿಸಿ ಕಲ್ಲನ್ನು ಬಿರುಕು ಬಿಡಿಸಬೇಕು. ಇದಕ್ಕೆ ಫ್ರ್ಯಾಕಿಂಗ್ ಅಂತಾರೆ. ಟೆಕ್ಸಾಸ್‌ನ ಬಾರ್ನೆಟ್ ಶೇಲ್‌ನಲ್ಲಿ ಜಾರ್ಜ್ ಮಿಚೆಲ್ ಅವರ ಕಂಪನಿ 1980, 90ರ ದಶಕಗಳಲ್ಲಿ ಈ ಪ್ರಯತ್ನವನ್ನು ಬಿಡದೆ ಮುಂದುವರಿಸಿತು. 2008ರ ಹೊತ್ತಿಗೆ ಅದು ದೊಡ್ಡ ಅಲೆಯಾಯಿತು. ಈಗ ಅಮೆರಿಕದ ನೈಸರ್ಗಿಕ ಅನಿಲದಲ್ಲಿ ಮುಕ್ಕಾಲು ಭಾಗದಷ್ಟು ಶೇಲ್‌ನಿಂದಲೇ ಬರುತ್ತೆ. ಲೂಸಿಯಾನಾದ ಸಬೀನ್ ಪಾಸ್‌ನಲ್ಲಿ ವಿದೇಶದ ಅನಿಲ ಆಮದು ಮಾಡಿಕೊಳ್ಳೋಕೆ ಅಂತ ಕಟ್ಟಿದ ಟರ್ಮಿನಲ್ 2016ರ ಫೆಬ್ರವರಿಯಲ್ಲಿ ರಫ್ತು ಶುರು ಮಾಡಿತು. ದೇಶವೊಂದರ ದಿಕ್ಕೇ ಬದಲಾದದ್ದಕ್ಕೆ ಇದಕ್ಕಿಂತ ಸರಳ ಸಾಕ್ಷಿ ಬೇಕಿಲ್ಲ.

ತೊಂದರೆಗಳೂ ಜೊತೆಗೇ ಬೆಳೆದವು. ಶೇಲ್ ಬಾವಿಯ ಉತ್ಪಾದನೆ ಮೊದಲ ವರ್ಷದಲ್ಲೇ ಬಹಳ ಕುಸಿಯುತ್ತೆ, ಹಾಗಾಗಿ ಹೊಸ ಬಾವಿ ಕೊರೆಯುತ್ತಲೇ ಇರಬೇಕು. ಅದಕ್ಕೆ ಸಾಲ ಬೇಕು. ಈ ಉದ್ಯಮದ ದೊಡ್ಡ ಹೆಸರಾಗಿದ್ದ ಚೆಸಾಪೀಕ್ ಕಂಪನಿ 2020ರ ಜೂನ್‌ನಲ್ಲಿ ದಿವಾಳಿ ರಕ್ಷಣೆ ಕೋರಿತು. ಕೊಳಕು ನೀರನ್ನು ಭೂಮಿಯೊಳಕ್ಕೆ ಬಿಟ್ಟ ಕಾರಣಕ್ಕೆ ಒಕ್ಲಹೋಮದಲ್ಲಿ ಭೂಕಂಪನಗಳು ಹೆಚ್ಚಿದವು. ಫ್ರಾನ್ಸ್ 2011ರಲ್ಲಿ ಫ್ರ್ಯಾಕಿಂಗ್ ನಿಷೇಧಿಸಿತು. ನ್ಯೂಯಾರ್ಕ್ ರಾಜ್ಯ 2014ರ ಕೊನೆಯಲ್ಲಿ ಅದೇ ದಾರಿ ಹಿಡಿಯಿತು.

ಇದೆಲ್ಲ ದೂರದ ಕಥೆ ಅನ್ನಿಸಬಹುದು. ಆದರೆ ನಾವು ಪಲ್ಯ ಮಾಡುವ ಗೋರಿಕಾಯಿಯನ್ನು ನೆನೆಸಿಕೊಳ್ಳಿ. ಅದರ ಬೀಜದಿಂದ ತೆಗೆಯುವ ಅಂಟು ಫ್ರ್ಯಾಕಿಂಗ್ ನೀರನ್ನು ಮಂದ ಮಾಡೋಕೆ ಬೇಕು, ಮರಳು ತಳಕ್ಕಿಳಿಯದೆ ಬಿರುಕಿನೊಳಗೆ ಹೋಗೋಕೆ. ಆ ಬೇಡಿಕೆಯಿಂದ ರಾಜಸ್ಥಾನದ ಗೋರಿಬೀಜದ ದರ ಹುಚ್ಚಾಪಟ್ಟೆ ಏರಿ, 2012ರ ಮಾರ್ಚ್‌ನಲ್ಲಿ ಅದರ ವಾಯಿದಾ ವ್ಯಾಪಾರವನ್ನೇ ನಿಲ್ಲಿಸಬೇಕಾಯಿತು. ಟೆಕ್ಸಾಸ್‌ನ ಬಾವಿ ಭಾರತದ ಹೊಲವನ್ನು ಮುಟ್ಟಿದ್ದು ಅನಿಲದ ಮೂಲಕ ಅಲ್ಲ, ಮೊದಲು ತರಕಾರಿಯ ಮೂಲಕ.

2. ನಮ್ಮ ಕೆಳಗೆ ಏನೂ ಇಲ್ಲ

ಭಾರತದಲ್ಲೂ ಹುಡುಕಾಟ ನಡೆಯಿತು. 2011ರ ಜನವರಿಯಲ್ಲಿ ಓಎನ್‌ಜಿಸಿ ಪಶ್ಚಿಮ ಬಂಗಾಳದ ದುರ್ಗಾಪುರದ ಹತ್ತಿರ ಶೇಲ್‌ನಿಂದ ಅನಿಲ ಹೊಮ್ಮಿಸಿತು. 2013ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಶೇಲ್ ನೀತಿ ತಂದಿತು. ಕಾಂಬೆ, ಕೃಷ್ಣಾ–ಗೋದಾವರಿ, ಕಾವೇರಿ ಜಲಾನಯನಗಳಲ್ಲಿ ಪ್ರಯೋಗ ನಡೆದರೂ ವಾಣಿಜ್ಯ ಮಟ್ಟದ ಉತ್ಪಾದನೆ ಕೈಗೂಡಲಿಲ್ಲ.

ಇಲ್ಲಿ ತಮಿಳುನಾಡಿನ ನಕ್ಷೆಯನ್ನು ಎರಡು ಭಾಗ ಮಾಡಿ ನೋಡಬೇಕು. ಪೂರ್ವಕ್ಕೆ ಕಾವೇರಿ ಮುಖಜಭೂಮಿ, ಅದರ ಕೆಳಗೆ ಪದರಗಲ್ಲಿದೆ, ತೈಲವಿದೆ, ಅನಿಲವಿದೆ. 2017ರಲ್ಲಿ ಪುದುಕ್ಕೋಟೈ ಜಿಲ್ಲೆಯ ನೆಡುವಾಸಲ್‌ನಲ್ಲಿ ಹೈಡ್ರೋಕಾರ್ಬನ್ ಯೋಜನೆಯ ವಿರುದ್ಧ ದೊಡ್ಡ ಹೋರಾಟ ನಡೆಯಿತು. 2020ರಲ್ಲಿ ರಾಜ್ಯ ಸರ್ಕಾರ ಮುಖಜಭೂಮಿಯನ್ನು ರಕ್ಷಿತ ಕೃಷಿ ವಲಯ ಅಂತ ಕಾಯ್ದೆ ಮಾಡಿತು. ಅಲ್ಲಿ ಹೊಸದಾಗಿ ತೈಲ, ಅನಿಲ ಕೊರೆಯುವಂತಿಲ್ಲ. ಶೇಲ್ ಅನಿಲದ ಹೆಸರೂ ಆ ನಿಷೇಧದ ಪಟ್ಟಿಯಲ್ಲಿದೆ.

ಪಶ್ಚಿಮಕ್ಕೆ ನಮ್ಮ ಸೀಮೆ. ಕೃಷ್ಣಗಿರಿ ಅಂದರೆ ಗ್ರಾನೈಟ್, ಅತಿ ಹಳೆಯ ಗಟ್ಟಿ ಬಂಡೆ. ಇಲ್ಲಿ ಶೇಲ್ ಇರುವ ಪ್ರಶ್ನೆಯೇ ಇಲ್ಲ. ಕೆಳಗೆ ಏನೂ ಇಲ್ಲದ ನೆಲ ಕ್ಷೇಮವಾಗಿರುತ್ತೆ ಅಂತ ಯಾರಾದರೂ ಅಂದುಕೊಳ್ಳಬಹುದು. ಆದರೆ ನಮ್ಮ ನೆಲಕ್ಕೆ ಇನ್ನೊಂದು ಗುಣ ಇದೆ. ಅದು ದಾರಿಯಲ್ಲಿದೆ. ಕೊಚ್ಚಿಯ ಬಂದರಿನಿಂದ ಬೆಂಗಳೂರಿಗೆ ಹೋಗುವ ದಾರಿ ಇಲ್ಲೇ ಹಾದುಹೋಗಬೇಕು.

3. ಹಡಗು, ಬಂದರು, ಕೊಳವೆ

2011ರ ಡಿಸೆಂಬರ್‌ನಲ್ಲಿ ಗೇಲ್ ಸಂಸ್ಥೆ ಸಬೀನ್ ಪಾಸ್‌ನಿಂದ ವರ್ಷಕ್ಕೆ 35 ಲಕ್ಷ ಟನ್ ದ್ರವೀಕೃತ ಅನಿಲವನ್ನು 20 ವರ್ಷ ಕೊಳ್ಳುವ ಒಪ್ಪಂದ ಮಾಡಿಕೊಂಡಿತು. ಆಮೇಲೆ ಮೇರಿಲ್ಯಾಂಡ್‌ನ ಕೋವ್ ಪಾಯಿಂಟ್‌ನಿಂದ ಇನ್ನೊಂದು 23 ಲಕ್ಷ ಟನ್. ಸಬೀನ್ ಪಾಸ್ ಒಪ್ಪಂದದಲ್ಲಿ ದರವನ್ನು ಕಚ್ಚಾ ತೈಲಕ್ಕೆ ಕಟ್ಟದೆ, ಹೆನ್ರಿ ಹಬ್ ಎಂಬ ಅಮೆರಿಕದ ಅನಿಲ ದರಕ್ಕೆ ಕಟ್ಟಲಾಗಿತ್ತು: ಆ ದರದ ಶೇ 115, ಜೊತೆಗೆ ದ್ರವೀಕರಣದ ಶುಲ್ಕ 3 ಡಾಲರ್. ಒಪ್ಪಂದದ ಕಾಲಕ್ಕೆ ತೈಲ 100 ಡಾಲರ್ ಸುತ್ತ ಇತ್ತು, ಹಾಗಾಗಿ ಇದು ಅಗ್ಗ ಅನ್ನಿಸಿತು. 2014ರ ನಂತರ ತೈಲ ಕುಸಿದಾಗ ಇದೇ ಒಪ್ಪಂದ ದುಬಾರಿ ಅನ್ನಿಸಿತು. 2022ರಲ್ಲಿ ಉಕ್ರೇನ್ ಯುದ್ಧದಿಂದ ಜಗತ್ತಿನ ಅನಿಲ ದರ ಆಕಾಶಕ್ಕೆ ಹೋದಾಗ ಮತ್ತೆ ಅಗ್ಗವಾಯಿತು. ಒಪ್ಪಂದ ಅದೇ, ಸೂತ್ರ ಅದೇ, ಹತ್ತು ವರ್ಷದಲ್ಲಿ ಮೂರು ತೀರ್ಪು.

ಈ ಒಪ್ಪಂದದ ಮೊದಲ ಹಡಗು 2018ರ ಮಾರ್ಚ್ 30ರಂದು ಮಹಾರಾಷ್ಟ್ರದ ದಾಭೋಲ್‌ಗೆ ಬಂತು. ದಾಭೋಲ್ ಅಂದರೆ ಎನ್ರಾನ್ ಕಂಪನಿಯ ಯೋಜನೆ ಮುಳುಗಿದ ಅದೇ ಜಾಗ. ಅಲ್ಲಿಂದ ಬೆಳಗಾವಿ, ಧಾರವಾಡ, ಚಿತ್ರದುರ್ಗ, ತುಮಕೂರು ದಾಟಿ ಬೆಂಗಳೂರಿಗೆ ಬರುವ ಸುಮಾರು 1000 ಕಿ.ಮೀ. ಕೊಳವೆ 2013ರಲ್ಲೇ ಸಿದ್ಧವಾಗಿತ್ತು. ಬೆಂಗಳೂರಿಗೆ ದಕ್ಷಿಣದಿಂದಲೂ ಅನಿಲ ತರುವ ಯೋಜನೆಯೇ ಕೊಚ್ಚಿ–ಕೂಟ್ಟನಾಡ್–ಬೆಂಗಳೂರು–ಮಂಗಳೂರು ಪೈಪ್‌ಲೈನ್. ಕೂಟ್ಟನಾಡ್‌ನಲ್ಲಿ ಅದು ಎರಡು ಕವಲಾಗುತ್ತೆ. ಒಂದು ಕವಲು ಕಾಸರಗೋಡು ಹಾದು ಮಂಗಳೂರಿಗೆ. ಚಂದ್ರಗಿರಿ ಹೊಳೆಯ ಕೆಳಗೆ ಕೊಳವೆ ದಾಟಿಸುವುದು ಅದರ ಕೊನೆಯ ಕಷ್ಟವಾಗಿತ್ತು. 2021ರ ಜನವರಿ 5ರಂದು ಅದು ಉದ್ಘಾಟನೆಯಾಯಿತು. ಇನ್ನೊಂದು ಕವಲು ವಾಳಯಾರ್ ಗಡಿ ದಾಟಿ ಕೊಯಮತ್ತೂರು, ತಿರುಪ್ಪೂರು, ಈರೋಡು, ನಾಮಕ್ಕಲ್, ಸೇಲಂ, ಧರ್ಮಪುರಿ, ಕೃಷ್ಣಗಿರಿ ಎಂಬ ಏಳು ಜಿಲ್ಲೆಗಳ ಮೂಲಕ ಬೆಂಗಳೂರಿಗೆ. ತಮಿಳುನಾಡಿನೊಳಗಿನ ಉದ್ದ ಸುಮಾರು 310 ಕಿ.ಮೀ. ಮಂಗಳೂರಿನ ಕವಲು ಮುಗಿದಾಗಲೂ ಇದು ಮುಗಿದಿರಲಿಲ್ಲ.

ಒಂದು ಎಚ್ಚರಿಕೆ ಇಲ್ಲೇ ಹೇಳಬೇಕು. ಕೊಳವೆಯೊಳಗೆ ಹೋಗುವ ಅನಿಲಕ್ಕೆ ಊರಿನ ಹೆಸರು ಇರಲ್ಲ. ಕತಾರಿನದು, ಆಸ್ಟ್ರೇಲಿಯದ್ದು, ಅಮೆರಿಕದ ಶೇಲಿನದು ಎಲ್ಲ ಬೆರೆತು ಹೋಗುತ್ತೆ. ಹಾಗಾಗಿ ಕೃಷ್ಣಗಿರಿಯ ಕೊಳವೆಯನ್ನು ಶೇಲ್ ಕೊಳವೆ ಅಂತ ನಾನು ಕರೆಯುತ್ತಿಲ್ಲ. ಅನಿಲ ಬೇಕಾದಷ್ಟು ಸಿಗುತ್ತೆ ಅನ್ನುವ ನಂಬಿಕೆ ಬಲಗೊಂಡದ್ದು ಶೇಲ್ ಕಾಲದಲ್ಲಿ. ಒಟ್ಟು ಇಂಧನದಲ್ಲಿ ಅನಿಲದ ಪಾಲನ್ನು ಶೇ 6ರ ಆಸುಪಾಸಿನಿಂದ 2030ಕ್ಕೆ ಶೇ 15ಕ್ಕೆ ಏರಿಸುವ ಗುರಿ ಇಟ್ಟುಕೊಂಡದ್ದೂ ಅದೇ ಕಾಲದಲ್ಲಿ. ಆ ಗುರಿಯ ಭಾರ ನೆಲದ ಮೇಲೆ ಬಿದ್ದದ್ದು ಕೊಳವೆಯ ರೂಪದಲ್ಲಿ.

4. ಇಪ್ಪತ್ತು ಮೀಟರ್ ಅಗಲ

ಈಗ ಕಾನೂನಿಗೆ ಬರೋಣ. 1962ರ ಪೆಟ್ರೋಲಿಯಂ ಮತ್ತು ಖನಿಜ ಕೊಳವೆಮಾರ್ಗಗಳ ಕಾಯ್ದೆ ಭೂಮಿಯನ್ನು ಕಿತ್ತುಕೊಳ್ಳುವುದಿಲ್ಲ. ‘ಬಳಕೆಯ ಹಕ್ಕನ್ನು’ ಮಾತ್ರ ಪಡೆಯುತ್ತೆ. ಅಧಿಸೂಚನೆ ಬಂದ ಮೇಲೆ ಆಕ್ಷೇಪ ಸಲ್ಲಿಸಲು 21 ದಿನ. ಪಟ್ಟಾ ರೈತನ ಹೆಸರಲ್ಲೇ ಇರುತ್ತೆ. ಕೊಳವೆ ಹೂತ ಮೇಲೆ ರಾಗಿ, ನೆಲಗಡಲೆ, ಟೊಮೇಟೊ ಬೆಳೆಯಬಹುದು. ಆದರೆ 9ನೇ ಕಲಂ ಪ್ರಕಾರ ಆ ಪಟ್ಟಿಯ ಮೇಲೆ ಮನೆ ಅಥವಾ ಯಾವುದೇ ಕಟ್ಟಡ ಕಟ್ಟುವಂತಿಲ್ಲ, ಕೆರೆ ಬಾವಿ ತೋಡುವಂತಿಲ್ಲ, ಮರ ನೆಡುವಂತಿಲ್ಲ. ಬೆಳೆಗೆ, ಕಡಿದ ಮರಕ್ಕೆ ಆದ ನಷ್ಟವನ್ನು ಕೊಡ್ತಾರೆ. ಅದಲ್ಲದೆ ಬಳಕೆಯ ಹಕ್ಕಿಗೆ ಅಂತ ಅಧಿಸೂಚನೆಯ ದಿನದ ಮಾರುಕಟ್ಟೆ ಬೆಲೆಯ ಶೇ 10, ಒಂದೇ ಸಲ.

ಲೆಕ್ಕ ಹಾಕಿ ನೋಡೋಣ. ಪಟ್ಟಿಯ ಅಗಲ 20 ಮೀಟರ್. ಒಬ್ಬ ರೈತನ ಹೊಲದಲ್ಲಿ ಅದು 100 ಮೀಟರ್ ಹಾದುಹೋದರೆ 2000 ಚದರ ಮೀಟರ್, ಅಂದರೆ ಹತ್ತಿರ ಹತ್ತಿರ ಅರ್ಧ ಎಕರೆ. ನಮ್ಮ ಕಡೆ ಲೆಕ್ಕದಲ್ಲಿ 50 ಸೆಂಟು, ನಿಮ್ಮ ಕಡೆ 20 ಗುಂಟೆ. ಕೃಷ್ಣಗಿರಿ ಮಾವಿನ ಜಿಲ್ಲೆ. ತೋತಾಪುರಿ ಹಣ್ಣಿನ ತಿರುಳು ಇಲ್ಲಿನ ಕಾರ್ಖಾನೆಗಳಿಂದ ಹೊರದೇಶಕ್ಕೂ ಹೋಗುತ್ತೆ. ಹಳೇ ಪದ್ಧತಿಯಲ್ಲಿ ಮಾವಿಗೆ 10 ಮೀಟರ್ ಅಂತರ. ಆ ಅರ್ಧ ಎಕರೆಯಲ್ಲಿ ಎರಡು ಸಾಲು, ಸುಮಾರು 20 ಮರ. ಐದು ಎಕರೆ ಇದ್ದವರಿಗೆ ಇದು ಹತ್ತರಲ್ಲಿ ಒಂದು ಪಾಲು. ಒಂದೂವರೆ ಎಕರೆ ಇದ್ದವರಿಗೆ ಮೂರರಲ್ಲಿ ಒಂದು. ಕೊಳವೆ ಹೊಲದ ನಡುವೆ ಹಾದರೆ ಬೋರು ಕೊರೆಸೋಕೆ ಜಾಗ ಎಲ್ಲಿ ಅನ್ನುವ ಪ್ರಶ್ನೆ ಬೇರೆ. 310 ಕಿ.ಮೀ.ಗೆ ಇದೇ ಅಗಲ ಹಿಡಿದರೆ ಒಟ್ಟು 620 ಹೆಕ್ಟೇರ್, 1500 ಎಕರೆ ಚಿಲ್ಲರೆ. ದೇಶದ ಲೆಕ್ಕದಲ್ಲಿ ಇದು ಏನೂ ಅಲ್ಲ. ಆದರೆ ಇದು ಒಂದೇ ಕಡೆ ಇರುವ 1500 ಎಕರೆ ಅಲ್ಲ, ಸಾವಿರಾರು ಹೊಲಗಳ ಮೇಲೆ ಎಳೆದ ಗೆರೆ.

5. ಹೆದ್ದಾರಿಯೋ ಹೊಲವೋ

ಏಳೂ ಜಿಲ್ಲೆಯ ರೈತರು ಕೇಳಿದ್ದು ಕೊಳವೆ ಬೇಡ ಅಂತ ಅಲ್ಲ, ಹೆದ್ದಾರಿಯ ಪಕ್ಕದಲ್ಲಿ ಹಾಕಿ ಅಂತ. 2013ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ರೈತರ ಅಹವಾಲು ಕೇಳಿತು. ಆಮೇಲೆ ಮುಖ್ಯಮಂತ್ರಿ ಜಯಲಲಿತಾ ಅವರು ಕೊಳವೆಯನ್ನು ಹೊಲಗಳಿಂದ ತೆಗೆದು ರಾಷ್ಟ್ರೀಯ ಹೆದ್ದಾರಿಯ ಬದಿಯಲ್ಲಿ ಹಾಕಬೇಕು ಅಂತ ಘೋಷಿಸಿದರು. ಗೇಲ್ ಕೋರ್ಟಿಗೆ ಹೋಯಿತು. ಮದ್ರಾಸ್ ಹೈಕೋರ್ಟ್ 2013ರ ನವೆಂಬರ್ 25ರಂದು ಗೇಲ್ ಪರ ತೀರ್ಪು ಕೊಟ್ಟಿತು. 2016ರ ಫೆಬ್ರವರಿ 2ರಂದು ಸುಪ್ರೀಂ ಕೋರ್ಟ್ ರಾಜ್ಯದ ಮೇಲ್ಮನವಿಯನ್ನು ತಳ್ಳಿಹಾಕಿತು. ಕೇಂದ್ರದ ಕಾಯ್ದೆಯಡಿ ನಡೆಯುವ ಕೆಲಸದಲ್ಲಿ ರಾಜ್ಯಕ್ಕೆ ಅಡ್ಡ ಬರುವ ಅಧಿಕಾರ ಇಲ್ಲ ಅನ್ನುವುದು ತಿರುಳು.

ನ್ಯಾಯವಾಗಿ ಎರಡೂ ಕಡೆ ನೋಡಬೇಕು. ಹೆದ್ದಾರಿಯ ಬದಿ ಜನವಸತಿ ಹೆಚ್ಚು, ನಾಳೆ ರಸ್ತೆ ಅಗಲ ಮಾಡುವಾಗ ಅಗೆಯಬೇಕಾಗುತ್ತೆ ಅನ್ನುವ ಸುರಕ್ಷತೆಯ ವಾದ ಹಗುರವಾದದ್ದಲ್ಲ. ಹೊಸೂರಿನಲ್ಲಿ ಸಿಪ್‌ಕಾಟ್ ಇದೆ, ಅಶೋಕ್ ಲೇಲ್ಯಾಂಡ್, ಟಿವಿಎಸ್, ಟೈಟಾನ್ ಇವೆ, ಅವನ್ನು ನಂಬಿದ ಸಣ್ಣ ಕಾರ್ಖಾನೆಗಳಿವೆ. ಡೀಸೆಲ್, ಫರ್ನೇಸ್ ಆಯಿಲ್‌ಗಿಂತ ಅನಿಲ ಶುಚಿ. ಹೊಲದ ಮನೆಯ ಮಕ್ಕಳೇ ಆ ಕಾರ್ಖಾನೆಗಳಿಗೆ ಶಿಫ್ಟ್‌ಗೆ ಹೋಗ್ತಾರೆ. ಹಾಗಾಗಿ ಇದನ್ನು ರೈತ ಮತ್ತು ಕೈಗಾರಿಕೆಯ ಜಗಳ ಅಂತ ಮಾತ್ರ ಬರೆಯೋಕಾಗಲ್ಲ.

ಭಯಕ್ಕೂ ಕಾರಣ ಇತ್ತು. 2014ರ ಜೂನ್ 27ರಂದು ಆಂಧ್ರದ ಪೂರ್ವ ಗೋದಾವರಿ ಜಿಲ್ಲೆಯ ನಗರಂನಲ್ಲಿ ಗೇಲ್ ಕೊಳವೆ ಸಿಡಿದು 20ಕ್ಕೂ ಹೆಚ್ಚು ಜನ ಸತ್ತರು. ಅಲ್ಲಿ ಹರಿಯುತ್ತಿದ್ದದ್ದು ಸ್ಥಳೀಯ ಬಾವಿಗಳ ತೇವಾಂಶವಿದ್ದ ಅನಿಲ, ಅದು ಕೊಳವೆಯನ್ನು ಒಳಗಿಂದ ತಿಂದಿತ್ತು. ಹಡಗಿನಲ್ಲಿ ಬರುವ ಅನಿಲ ಒಣ ಅನಿಲ, ಎರಡೂ ಒಂದೇ ಅಲ್ಲ. ಆದರೆ ಈ ವ್ಯತ್ಯಾಸವನ್ನು ಹಳ್ಳಿಯ ಭಾಷೆಯಲ್ಲಿ ಕೂತು ವಿವರಿಸುವುದೂ ಯೋಜನೆಯ ಒಂದು ಕೆಲಸವೇ. 2022ರ ಏಪ್ರಿಲ್‌ನಲ್ಲಿ ಪಕ್ಕದ ಧರ್ಮಪುರಿ ಜಿಲ್ಲೆಯಲ್ಲಿ ಕೊಳವೆಯ ವಿರುದ್ಧದ ಪ್ರತಿಭಟನೆಯ ವೇಳೆ ಒಬ್ಬ ರೈತ ಪ್ರಾಣ ಕಳೆದುಕೊಂಡರು. ಕೋರ್ಟಿನ ತೀರ್ಪು ಬಂದು ಆರು ವರ್ಷವಾದ ಮೇಲೆ. ತೀರ್ಪಿನಿಂದ ಮೊಕದ್ದಮೆ ಮುಗಿದಿತ್ತು, ವಿಷಯ ಮುಗಿದಿರಲಿಲ್ಲ.

6. ಅಷ್ಟಭೋಗದ ಪಟ್ಟಿ

ಇಲ್ಲಿಂದ ನಮ್ಮ ವಿಭಾಗದ ವಿಷಯ. ವಿಜಯನಗರ ಕಾಲದ ದಾನಶಾಸನಗಳನ್ನು ಓದಿದವರಿಗೆ ‘ಅಷ್ಟಭೋಗ ತೇಜಸ್ವಾಮ್ಯ’ ಪರಿಚಿತ. ನೆಲ ಕೊಡುವಾಗ ಅದರ ಜೊತೆ ಎಂಟು ಭೋಗಗಳನ್ನು ಎಣಿಸಿ ಕೊಡ್ತಾರೆ: ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ. ಅರ್ಥ ಹೇಳುವಾಗ ವಿದ್ವಾಂಸರಲ್ಲಿ ಅಲ್ಪಸ್ವಲ್ಪ ವ್ಯತ್ಯಾಸ ಇದೆ. ಸ್ಥೂಲವಾಗಿ ಮೊದಲ ನಾಲ್ಕು ನೆಲದೊಳಗಿನವು: ಹೂತ ಸಂಪತ್ತು, ನೀರು, ಕಲ್ಲು. ಉಳಿದವು ಕಾಲಕ್ಕೆ ಸಂಬಂಧಿಸಿದವು: ಕುಂದದ ಆದಾಯ, ಮುಂದೆ ಬರುವುದು, ಈಗಾಗಲೇ ಆಗಿರುವುದು, ಇನ್ನು ಆಗಬಹುದಾದದ್ದು.

ಈ ಪಟ್ಟಿಯನ್ನು ಕೈಯಲ್ಲಿಟ್ಟುಕೊಂಡು ಶೇಲ್ ಚರಿತ್ರೆ ನೋಡಿದರೆ ಬಹಳ ಸ್ಪಷ್ಟವಾಗುತ್ತೆ. ಟೆಕ್ಸಾಸ್, ಪೆನ್ಸಿಲ್ವೇನಿಯಾಗಳಲ್ಲಿ ನೆಲದೊಳಗಿನ ಖನಿಜ ಖಾಸಗಿ ಸ್ವತ್ತು. ನೆಲದ ಒಡೆಯರು ಅದನ್ನು ಬೇರ್ಪಡಿಸಿ ಕಂಪನಿಗೆ ಗುತ್ತಿಗೆ ಕೊಡಬಹುದು, ಬಾವಿ ಹರಿಯುವವರೆಗೂ ಪಾಲು ತಗೋಬಹುದು. ಶೇಲ್ ಅಲೆ ಅಲ್ಲಿ ಅಷ್ಟು ಬೇಗ ಹಬ್ಬಿದ್ದಕ್ಕೆ ತಂತ್ರಜ್ಞಾನದ ಜೊತೆ ಇದೂ ಒಂದು ಕಾರಣ. ನಿಕ್ಷೇಪ ರೈತನ ಕೈಯಲ್ಲಿತ್ತು. ಭಾರತದಲ್ಲಿ ತೈಲ, ಅನಿಲ ಸರ್ಕಾರದ್ದು, ಹೊಲದ ಒಡೆಯನದಲ್ಲ. ಮುಖಜಭೂಮಿಯ ಜಗಳ ನಿಕ್ಷೇಪದ ಜಗಳ. ನಮ್ಮ ಸೀಮೆಯ ಜಗಳ ಹಾಗಲ್ಲ, ಅದು ಸಾಧ್ಯದ ಜಗಳ.

1962ರ ಕಾಯ್ದೆ ಸಿದ್ಧಕ್ಕೆ ಬೆಲೆ ಕಟ್ಟುತ್ತೆ: ನಿಂತ ಬೆಳೆ, ನಿಂತ ಮರ. ಇನ್ನೂ ನೆಡದ ಮಾವು, ಇನ್ನೂ ತೋಡದ ಬಾವಿ, ಮಗಳಿಗೋ ಮಗನಿಗೋ ಕಟ್ಟಬೇಕು ಅಂತಿದ್ದ ಮನೆ, ಇವೆಲ್ಲ ಸಾಧ್ಯ. ಇವೆಲ್ಲಕ್ಕೂ ಸೇರಿ ಶೇ 10. ಅದೂ ಒಂದು ದಿನದ ಬೆಲೆಯ ಮೇಲೆ. ಬೆಂಗಳೂರು ಹೊಸೂರಿನ ಕಡೆಗೆ ಬೆಳೆಯುತ್ತಿರುವಾಗ ಆ ದಿನದ ಬೆಲೆ ಹತ್ತು ವರ್ಷದಲ್ಲಿ ಏನಾಗುತ್ತೆ ಅಂತ ಇಲ್ಲಿರುವ ಎಲ್ಲರಿಗೂ ಗೊತ್ತು. ಅನಿಲದ ದರ ಹೆನ್ರಿ ಹಬ್ ಜೊತೆ ಏರುತ್ತೆ, ಇಳಿಯುತ್ತೆ. ಕಂಪನಿಗೆ ಪ್ರತಿ ಯೂನಿಟ್ ಅನಿಲ ಹರಿದಾಗಲೂ ಸಾಗಣೆ ಶುಲ್ಕ ಬರುತ್ತೆ. ಈ ಸರಪಳಿಯಲ್ಲಿ ಏರಿಳಿತ ಇಲ್ಲದ, ಒಂದೇ ಸಲ ಪಾವತಿಯಾಗಿ ಮುಗಿಯುವ ಕೊಂಡಿ ಹೊಲದ ಒಡೆಯನದು ಮಾತ್ರ. ಸಾಗಣೆ ಶುಲ್ಕದಲ್ಲೇ ಒಂದು ಸಣ್ಣ ಪಾಲು ವರ್ಷವರ್ಷ ನೆಲದವರಿಗೆ ಬರುವಂತೆ ಕಾಯ್ದೆ ತಿದ್ದಬೇಕು ಅನ್ನುವುದು ನನ್ನ ಅಭಿಪ್ರಾಯ.

ಒಂದು ಪದದ ಬಗ್ಗೆ ಹೇಳಿ ಮುಗಿಸ್ತೇನೆ. ತಮಿಳಿನಲ್ಲಿ ಇದನ್ನು ‘ಎರಿವಾಯು ಕುೞಾಯ್’ ಅಂತಾರೆ. ನಮ್ಮ ಕನ್ನಡದ ‘ಕೊಳಾಯಿ’ ಅದರ ನೆಂಟ. ಆದರೆ ನಮ್ಮ ಮನೆಮಾತಿನಲ್ಲಿ ಕೊಳಾಯಿ ಅಂದರೆ ಬೀದಿ ಕೊನೆಯಲ್ಲಿ ನಿಂತು ನೀರು ಹಿಡಿಯುವ ನಲ್ಲಿ. ಅದಕ್ಕೆ ಊರಿನೊಳಗೇ ಒಂದು ಬಾಯಿ ಇರುತ್ತೆ. ಗ್ಯಾಸ್ ಕೊಳಾಯಿಗೆ ನಮ್ಮೂರಲ್ಲಿ ಬಾಯಿ ಇಲ್ಲ. ಕನ್ನಡದಲ್ಲಿ ಬರೆಯುವಾಗ ನಾನು ‘ಕೊಳವೆ’ ಅಂತ ಬಳಸಿದ್ದು ಇದಕ್ಕೇ.

ಪ್ರಶ್ನೋತ್ತರದಿಂದ

ಅಧ್ಯಾಪಕರ ಪ್ರಶ್ನೆ: ಅಷ್ಟಭೋಗ ಸಿಗುತ್ತಿದ್ದದ್ದು ದಾನ ಪಡೆದವರಿಗೆ, ದೇವಾಲಯಕ್ಕೆ. ಉಳುವವನಿಗಲ್ಲ. ಅದನ್ನು ರೈತನ ಹಕ್ಕಿನ ಮಾದರಿ ಮಾಡಿದರೆ ಚರಿತ್ರೆಯನ್ನು ಚೆಂದ ಮಾಡಿದಂತಾಗಲ್ಲವಾ?

ಉತ್ತರ: ಹೌದು ಮೇಡಂ, ಉಳುವವನಿಗೆ ಆ ಎಂಟರಲ್ಲಿ ಒಂದೂ ಖಾತ್ರಿ ಇರಲಿಲ್ಲ. ನಾನು ಅದನ್ನು ಹಳೇ ಸುವರ್ಣಯುಗ ಅಂತ ತರ್ತಿಲ್ಲ. ನನಗೆ ಬೇಕಾದದ್ದು ಎಣಿಕೆಯ ಕ್ರಮ. ನೆಲ ಅಂದರೆ ಒಂದೇ ವಸ್ತು ಅಲ್ಲ, ಬಿಡಿಬಿಡಿ ಭೋಗಗಳ ಕಟ್ಟು ಅಂತ ಆ ಲಿಪಿಕಾರರಿಗೆ ಗೊತ್ತಿತ್ತು. 1962ರ ಕಾಯ್ದೆ ಬರೆದವರಿಗೂ ಗೊತ್ತಿತ್ತು, ಅದಕ್ಕೇ ಕಟ್ಟಿನಿಂದ ಒಂದೆಳೆ ಎಳೆದುಕೊಂಡರು. ಪಟ್ಟಾ ಕೈಯಲ್ಲಿದ್ದರೆ ಎಲ್ಲ ಇದೆ ಅಂದುಕೊಂಡವನು ರೈತ ಒಬ್ಬನೇ.

ಸಹಪಾಠಿಯ ಪ್ರಶ್ನೆ: ಅನಿಲವೂ ಕೊನೆಗೆ ಸುಡುವ ಇಂಧನವೇ. ನಾಳೆ ಸೌರಶಕ್ತಿ ಬಂದರೆ ಈ ಜಗಳವೇ ಇರಲ್ಲ ಅಲ್ವಾ?

ಉತ್ತರ: ಸೌರ ವಿದ್ಯುತ್ತಿಗೂ ತಂತಿ ಎಳೆಯಬೇಕು, ಗೋಪುರ ನಿಲ್ಲಿಸಬೇಕು. ಅದೂ ಯಾರದೋ ಹೊಲದ ಮೇಲೇ ಹಾದುಹೋಗುತ್ತೆ. ಇಂಧನ ಬದಲಾದರೂ ದಾರಿಯಲ್ಲಿರುವ ಊರುಗಳು ಅವೇ. ಹಾಗಾಗಿ ಸಾಧ್ಯಕ್ಕೆ ಬೆಲೆ ಕಟ್ಟುವ ಪ್ರಶ್ನೆಯನ್ನು ಈಗಲೇ ಇತ್ಯರ್ಥ ಮಾಡಿಕೊಳ್ಳುವುದು ಒಳ್ಳೇದು ಅಂತ ನನಗನ್ನಿಸುತ್ತೆ.

ಸಮಯ ಮೀರಿದೆ ಅಂತ ಅಧ್ಯಕ್ಷರು ಸೂಚಿಸ್ತಿದ್ದಾರೆ.